ಕಾರಿನ ತಡ ಹೋದದ್ದೆಲ್ಲಿಗೆ

೨೦೨೪ರ ಫೆಬ್ರವರಿ ೧೧, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಪಕ್ಕದ ಮನೆಯ ಹಾಲೇಶಪ್ಪನವರು ಕಾಂಪೌಂಡಿನ ಮೇಲೆ ತಲೆ ಹಾಕಿ, ಕಾಲೇಜಿನ ಸ್ಟಾಪ್‌ವಾಚ್ ತೆಗೆದುಕೊಂಡು ಬರಬೇಕೆಂದು ನನ್ನನ್ನು ಕರೆದರು. ಹೊತ್ತು ಇಷ್ಟು ನಿಖರವಾಗಿ ನೆನಪಿರುವುದಕ್ಕೆ ಕಾರಣವಿದೆ. ಅದಾದ ಮೇಲೆ ಕೆಲವು ದಿನ ನಮ್ಮ ಬೀದಿಯಲ್ಲಿ ಯಾವುದು ಯಾವಾಗ ನಡೆಯಿತೆಂದು ಯಾರೂ ಆಣೆ ಮಾಡಿ ಹೇಳುವಂತಿರಲಿಲ್ಲ.

ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಹಾಲೇಶಪ್ಪನವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಟ್ಟು ನಿವೃತ್ತರಾದವರು. ಪಾಠದಿಂದ ನಿವೃತ್ತರಾದರೇ ಹೊರತು ರಿಪೇರಿಯಿಂದಲ್ಲ. ಅವರ ಮನೆಯ ಪೋರ್ಟಿಕೋದಲ್ಲಿ ಒಂದು ಕೆಂಪು ಟರ್ಬೊ ಕಾರಿದೆ. ಯಾರೋ ವಿದೇಶದಿಂದ ಹಡಗಿನಲ್ಲಿ ತರಿಸಿ, ಓಡಿಸಿ, ಸುಸ್ತಾಗಿ, ಇವರಿಗೆ ದಾಟಿಸಿದ್ದು. ಅದರ ವಯಸ್ಸು ಮೂವತ್ತೈದು. ನೀಲಿ ಹೊಗೆ ಬಿಡುತ್ತದೆ, ನಿಂತಲ್ಲೇ ಆಯಿಲ್ ಸುರಿಸುತ್ತದೆ, ಒಂದು ಪೈಪು ಬಿಗಿ ಮಾಡಿದರೆ ಮುಂದಿನ ಪೈಪು ಸಡಿಲವಾಗುತ್ತದೆ. ಗಾಳಿ ತಣ್ಣಗೆ ಮಾಡುವುದಕ್ಕೆಂದು ಬೆಡ್‌ರೂಮಿನ ಏಸಿಯ ಜಾಲರಿ ಬಿಚ್ಚಿ ಬಾನೆಟ್ಟಿನೊಳಗೆ ಕೂರಿಸಿದ ದಿನದಿಂದ ಅವರ ಹೆಂಡತಿ ವಿಶಾಲಕ್ಕ ಬೇಸಿಗೆಯಲ್ಲಿ ನಡುಮನೆಯಲ್ಲಿ ಮಲಗುತ್ತಾರೆ.

ಹಾಗೆಂದು ವಿಶಾಲಕ್ಕನಿಗೆ ಏಸಿಯ ಸಿಟ್ಟಿರಲಿಲ್ಲ. ಅವರ ಸಿಟ್ಟು ಮುಹೂರ್ತದ್ದು. ತಂಗಿ ಗಿರಿಜಮ್ಮನ ಮದುವೆಗೆ ಈ ಕಾರಿನಲ್ಲೇ ಹೊರಟು, ಅರ್ಧ ದಾರಿಯಲ್ಲಿ ಪೈಪು ಕಳಚಿ, ರೇಷ್ಮೆ ಸೀರೆಯಲ್ಲಿ ಲಾರಿ ಹತ್ತಿ ಹೋಗಿ ತಲುಪುವಷ್ಟರಲ್ಲಿ ಛತ್ರದಲ್ಲಿ ಎಲೆ ಎತ್ತುತ್ತಿದ್ದರಂತೆ. ಒಡಹುಟ್ಟಿದವಳಿಗೆ ತಾಳಿ ಕಟ್ಟಿದ್ದನ್ನು ಅವರು ನೋಡಲಿಲ್ಲ. ಈಗ ಗಿರಿಜಮ್ಮನ ಮಗಳು ಚಂಪಾಳ ಮದುವೆ ಬಂದಿತ್ತು. ಬರುವ ಶುಕ್ರವಾರ, ಹರಿಹರದಲ್ಲಿ. ವಿಶಾಲಕ್ಕ ಗಂಡನಿಗೆ ಕೊನೆಯ ಮಾತು ಹೇಳಿದ್ದರು. ಈ ಕಾರು ಅವರನ್ನು ಮುಹೂರ್ತಕ್ಕೆ ಮುಟ್ಟಿಸಿದರೆ ಪೋರ್ಟಿಕೋದಲ್ಲಿ ಇರಲಿ. ಇಲ್ಲದಿದ್ದರೆ ಶನಿವಾರ ಗುಜರಿಯವನು ಬರುತ್ತಾನೆ. ಗುಜರಿಯವನಿಗೆ ಆಗಲೇ ಫೋನೂ ಹೋಗಿತ್ತು.

"ಬರ್ರಿ ಮೇಡಂ, ನೀವೇ ಸಾಕ್ಷಿ," ಎಂದು ಹಾಲೇಶಪ್ಪನವರು ಬಾನೆಟ್ ಎತ್ತಿದರು.

ಒಳಗೆ ಒಂದು ಸ್ಟೀಲ್ ಟಿಫನ್ ಕ್ಯಾರಿಯರ್ ಕೂತಿತ್ತು. ಮೂರು ಡಬ್ಬಿಯದು. ಡಬ್ಬಿಗಳಿಂದ ತಾಮ್ರದ ತಂತಿಗಳು ಹೊರಟು ಎಲ್ಲೆಲ್ಲೋ ಹೋಗಿದ್ದವು.

"ಅದು ನನ್ನ ತವರಿನ ಕ್ಯಾರಿಯರ್," ಎಂದರು ವಿಶಾಲಕ್ಕ ಬಾಗಿಲಲ್ಲಿ ನಿಂತು.

"ಆಗಿತ್ತು. ಈಗ ಅದು ವಿಳಂಬಶೋಷಕ ಯಂತ್ರ."

ಟರ್ಬೊ ಎಂದರೆ ಇಂಜಿನ್ ಬಿಟ್ಟ ಹೊಗೆಯ ರಭಸಕ್ಕೇ ತಿರುಗುವ ಪುಟ್ಟ ಫ್ಯಾನು. ಅದು ತಿರುಗಿದರೆ ಇಂಜಿನ್ನಿಗೆ ಹೆಚ್ಚು ಗಾಳಿ, ಗಾಳಿ ಹೆಚ್ಚಿದರೆ ಹೆಚ್ಚು ಬಲ. ಆದರೆ ಪೆಡಲ್ ಒತ್ತಿದ ಮೇಲೆ ಹೊಗೆ ಹೆಚ್ಚಬೇಕು, ಫ್ಯಾನು ವೇಗ ಹಿಡಿಯಬೇಕು, ಅಲ್ಲಿಯವರೆಗೆ ಕಾರು ಏನೋ ಯೋಚನೆ ಮಾಡುತ್ತಿರುವಂತೆ ಸುಮ್ಮನಿರುತ್ತದೆ. ಹಳೆಯ ಟರ್ಬೊಗಳಿಗೆಲ್ಲ ಈ ಕಾಯಿಲೆ ಇದೆ. ಹಾಲೇಶಪ್ಪನವರ ಕಾರಿನಲ್ಲಿ ಈ ತಡ ಮೂರು ಸೆಕೆಂಡು. ಹಿಂದೆ ನಾನೇ ಅಳೆದು ಕೊಟ್ಟಿದ್ದೆ. ಆ ಮೂರು ಸೆಕೆಂಡನ್ನು ಇಂಜಿನ್ನಿನಿಂದ ಹೀರಿ ಹೊರಗೆ ಹಾಕುವುದೇ ಈ ಹೊಸ ಯಂತ್ರದ ಕೆಲಸ.

ಹಾಲೇಶಪ್ಪನವರು ಸೀಟಿನಲ್ಲಿ ಕೂತು ಕೈ ಎತ್ತಿದರು. ನಾನು ಗುಂಡಿ ಒತ್ತಿದೆ. ಅವರು ಪೆಡಲ್ ಒತ್ತಿದರು. ಮುಂದಿನದನ್ನು ನಾನು ನೋಡಿದೆ ಎನ್ನುವುದು ತಪ್ಪಾಗುತ್ತದೆ. ಕಾರು ಪೋರ್ಟಿಕೋದಲ್ಲಿತ್ತು, ಆಮೇಲೆ ಬೀದಿಯಲ್ಲಿ ವಿಶಾಲಕ್ಕ ಒಣಹಾಕಿದ್ದ ಸಂಡಿಗೆಯ ಮೇಲಿತ್ತು. ನಡುವೆ ಏನೂ ಇರಲಿಲ್ಲ. ಸ್ಟಾಪ್‌ವಾಚ್ ಸೊನ್ನೆ ತೋರಿಸುತ್ತಿತ್ತು.

ಸಂಡಿಗೆಯ ವಿಚಾರಣೆ ಮುಗಿದ ಮೇಲೆ ನಾನು ಕೇಳಿದೆ, "ಹೀರಿದ ತಡ ಎಲ್ಲಿಗೆ ಹೋಯ್ತು ಸರ್?"

"ಅರ್ತಿಂಗ್ ಕೊಟ್ಟೀನಲ್ರಿ. ಭೂಮಿಗೆ ಹೋಯ್ತು. ಭೂಮಿಗೆ ಏನು ಅವಸರ?"

ನಮ್ಮ ಬೀದಿಯಲ್ಲಿ ಅರ್ತಿಂಗ್ ಎಂದರೆ ಇಷ್ಟೇ. ಗುಂಡಿ ತೋಡಿ ಉಪ್ಪು ಇದ್ದಿಲು ತುಂಬುವ ಕಷ್ಟ ಯಾರಿಗೆ ಬೇಕು? ಎಲ್ಲರೂ ತಂತಿಯ ತುದಿಯನ್ನು ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ ಸುತ್ತುತ್ತಾರೆ. ಪಾಲಿಟೆಕ್ನಿಕ್ಕಿನಲ್ಲಿ ಅರ್ತಿಂಗಿನ ಪಾಠ ಮಾಡಿದವರೂ ಹಾಗೇ ಸುತ್ತಿದ್ದರು. ಆ ಬೋರ್‌ವೆಲ್ ಬೀದಿಗೆಲ್ಲ ಒಂದೇ.

ಅಂದು ದಿನವೆಲ್ಲ ಹಾಲೇಶಪ್ಪನವರು ಪೆಡಲ್ ಒತ್ತಿ ಒತ್ತಿ ನೋಡುತ್ತಲೇ ಇದ್ದರು. ಸಂಜೆಯ ಹೊತ್ತಿಗೆ ನಮ್ಮ ಮನೆಯ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ. ಬೈದು, ನಲ್ಲಿ ಮುಚ್ಚಿ, ಆಚೆ ಬಂದ ಮೇಲೆ ಬಂತು. ಮರುದಿನ ನೀರಿನ ಜೊತೆ ತಡವೂ ಮನೆಮನೆಗೆ ಹರಿದಿತ್ತು. ಆ ನೀರಿನಲ್ಲಿ ಹಿಟ್ಟು ಕಲಸಿ ವಿಶಾಲಕ್ಕ ಮಿರ್ಚಿ ಕರಿದರು. ಬೀದಿಯ ಸಂಘದ ಅಧ್ಯಕ್ಷರಾದ ಕೊಟ್ರೇಶಪ್ಪನವರು, ಈ ಸಲ ಮೆಣಸಿನಕಾಯಿ ಸಪ್ಪೆ ಎಂದು ಗೊಣಗುತ್ತಾ ಮಂಡಕ್ಕಿಯ ಜೊತೆ ನಾಲ್ಕು ತಿಂದರು. ಅಷ್ಟೂ ಖಾರ ಒಟ್ಟಿಗೆ ಬಂದಾಗ ಅವರು ಸಂಘದ ಸಭೆಯಲ್ಲಿ ಮೌನಾಚರಣೆ ಮಾಡಿಸುತ್ತಿದ್ದರು.

ಆ ನೀರು ಕುಡಿದವರ ಮಾತೂ ತಡವಾಗತೊಡಗಿತು. ಬಾಯಿ ಆಡುವುದು ಈಗ, ದನಿ ಆಮೇಲೆ. ಇಬ್ಬರು ಮಾತಾಡಿದರೆ ಈ ಪ್ರಶ್ನೆಗೆ ಹಿಂದಿನ ಪ್ರಶ್ನೆಯ ಉತ್ತರ ಸಿಗುತ್ತಿತ್ತು. ಮಂಗಳವಾರ ನನ್ನೆದುರಿಗೇ ವಿಶಾಲಕ್ಕ ಗಂಡನಿಗೆ, ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಿದರು. ಉತ್ತರ ಬರಲಿಲ್ಲ. ಬೇಸತ್ತು, ಹಾಗಾದರೆ ಶನಿವಾರದವರೆಗೆ ಯಾಕೆ, ಗುಜರಿಯವನನ್ನು ನಾಳೆಯೇ ಕರೆಸಲೇ ಎಂದರು.

"ಓಹೋ, ಧಾರಾಳವಾಗಿ. ನಾನೇ ಕೇಳಬೇಕು ಅಂತಿದ್ದೆ," ಎಂದಿತು ಹಾಲೇಶಪ್ಪನವರ ದನಿ.

"ಮಂಗಳಾ, ನೀನು ಕೇಳಿಸಿಕೊಂಡೆ ತಾನೆ?" ಎಂದು ವಿಶಾಲಕ್ಕ ನನ್ನ ಕಡೆ ತಿರುಗಿದರು.

ನಾನು ಸಾಕ್ಷಿ ಹೇಳುವುದನ್ನು ತಪ್ಪಿಸಿಕೊಂಡು, ತಪ್ಪು ಎಲ್ಲಿದೆಯೆಂದು ಇಬ್ಬರಿಗೂ ವಿವರಿಸಿದೆ. ಕೊಟ್ರೇಶಪ್ಪನವರು ಬಂದು ನಿಂತು ಬೋರ್‌ವೆಲ್ಲಿನ ತಂತಿ ಬಿಚ್ಚಿಸಿದರು. ಅವರ ಬೈಗುಳ ಅವರು ಮನೆಗೆ ಹೋದ ಮೇಲೆ ಕೇಳಿಸಿತು. ಎರಡು ದಿನದಲ್ಲಿ ತಡವೆಲ್ಲ ನೀರಿನ ಜೊತೆ ಚರಂಡಿಗೆ ಹರಿದು, ಬೀದಿ ತನ್ನ ಮೊದಲಿನ ವೇಗಕ್ಕೆ ಬಂತು. ಅದೇನೂ ಬಹಳ ವೇಗವಲ್ಲ.

ಶುಕ್ರವಾರ ಒಂಬತ್ತು ಗಂಟೆಗೆ ಹೊರಟೆವು. ಮುಹೂರ್ತ ಹತ್ತು ಇಪ್ಪತ್ತೈದರ ಒಳಗೆ, ಹತ್ತೂವರೆಗೆ ರಾಹುಕಾಲ. ವಿಶಾಲಕ್ಕ ಮುಂದೆ, ಮಡಿಲಲ್ಲಿ ಉಡುಗೊರೆಯ ಬೆಳ್ಳಿ ದೀಪ. ಹಿಂದೆ ನಾನು. ಕಾರು ಓಡುವಾಗ ಬೋರ್‌ವೆಲ್ ಜೊತೆಗೆ ಬರುವುದಿಲ್ಲವಲ್ಲ, ಹೀರಿದ ತಡವನ್ನೆಲ್ಲ ಕ್ಯಾರಿಯರಿನ ಡಬ್ಬಿಗಳಲ್ಲೇ ತುಂಬುವಂತೆ ಮಾಡಿ ಮುಚ್ಚಳಕ್ಕೆ ಕ್ಲಿಪ್ಪು ಹಾಕಿದ್ದೇನೆ ಎಂದು ಹಾಲೇಶಪ್ಪನವರು ಹೇಳಿದರು. ಒಳ್ಳೆಯದು ಎಂದೆ. ಎಷ್ಟು ಹಿಡಿಯುತ್ತದೆ ಎಂದು ಕೇಳಬೇಕಿತ್ತು.

ಕಾರು ಓಡಿತು! ಅದನ್ನು ಒಪ್ಪಿಕೊಳ್ಳಲೇಬೇಕು. ಹಾಲೇಶಪ್ಪನವರ ಕಾಲು ಪೆಡಲಿನ ಮೇಲೆ ಸುಮ್ಮನಿರಲಿಲ್ಲ. ಒತ್ತಿದ ತಕ್ಷಣ ನುಗ್ಗುವ ಸುಖಕ್ಕೆ ಅವರು ಒತ್ತುತ್ತಾ ಬಿಡುತ್ತಾ, ಮತ್ತೆ ಒತ್ತುತ್ತಾ ಹೋದರು. ಪ್ರತಿ ಒತ್ತಿಗೂ ಮೂರು ಸೆಕೆಂಡು ಡಬ್ಬಿಗೆ ಬೀಳುತ್ತಿತ್ತು. ಹರಿಹರ ಮುಟ್ಟಿದಾಗ ಇನ್ನೂ ಒಂಬತ್ತೂವರೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುವವರೇ ಬಂದಿರಲಿಲ್ಲ. ಅಕ್ಕನನ್ನು ಕಂಡ ಗಿರಿಜಮ್ಮ ಗಾಬರಿಯಾಗಿ, ಮುಹೂರ್ತ ಮುಗಿದೇ ಹೋಯಿತೇನೋ ಎಂದು ಗಡಿಯಾರ ನೋಡಿದರು.

ವಿಶಾಲಕ್ಕ ಗಂಡನ ಕಡೆ ತಿರುಗಿ ನಕ್ಕರು. ಹಾಲೇಶಪ್ಪನವರ ಕಿವಿ ಕೆಂಪಾಯಿತು.

ನಾವು ಒಳಗೆ ಹೋದೆವು. ಅವರು ಬರಲಿಲ್ಲ. ಟರ್ಬೊ ಕಾರನ್ನು ನಿಲ್ಲಿಸಿದ ಕೂಡಲೇ ಬಂದ್ ಮಾಡಬಾರದು, ಫ್ಯಾನು ತಣ್ಣಗಾಗುವವರೆಗೆ ಇಂಜಿನ್ ಸುಮ್ಮನೆ ಓಡುತ್ತಿರಬೇಕು ಎನ್ನುವುದು ಅವರ ನೇಮ. ಊಟ ಬಿಟ್ಟಾರು, ಈ ನೇಮ ಬಿಡರು. ಹಾಗೆ ಕಾಯುತ್ತಾ ನಿಂತಾಗ ಕ್ಯಾರಿಯರ್ ಕುಕ್ಕರಿನಂತೆ ಸೀಟಿ ಹೊಡೆಯತೊಡಗಿತಂತೆ. ತುಂಬಿದ್ದನ್ನು ಖಾಲಿ ಮಾಡಲೇಬೇಕಾಯಿತು. ಅವರು ಸುತ್ತ ನೋಡಿದರು. ಛತ್ರದ ಹಿಂದೆ, ಅಡುಗೆಮನೆಯ ಪಕ್ಕದಲ್ಲಿ, ಒಂದು ಕಬ್ಬಿಣದ ಪೈಪು ನೆಲದಿಂದ ಎದ್ದಿತ್ತು. ಅಭ್ಯಾಸ. ಕೈ ತಾನಾಗಿ ತಂತಿ ಸುತ್ತಿತು.

ಒಳಗೆ ನನಗೆ ಮೊದಲ ಅನುಮಾನ ಬಂದದ್ದು ವಾಲಗದವರಿಂದ. ಕಾಫಿ ಕುಡಿದು ಬಂದು ಕೂತ ಡೋಲಿನವನು ಡೋಲು ಬಾರಿಸುತ್ತಿದ್ದ, ಸದ್ದಿರಲಿಲ್ಲ. ಅವನು ಡೋಲನ್ನು ತಿರುಗಿಸಿ ನೋಡಿದ. ಮಂಟಪದಲ್ಲಿ ಅಯ್ಯನವರ ತುಟಿ ಆಡುತ್ತಿತ್ತು, ಮಂತ್ರ ಕೇಳಿಸಲಿಲ್ಲ. ಅವರು ಕೈ ಎತ್ತಿ ಸನ್ನೆ ಮಾಡಿದರು. ವರ ಅರಿಶಿನದ ದಾರ ತೆಗೆದುಕೊಂಡು ಚಂಪಾಳ ಕೊರಳಿನ ಹಿಂದೆ ಗಂಟು ಹಾಕಿದ. ಬೆರಳುಗಳು ಗಂಟು ಹಾಕಿ ಮುಗಿಸಿದವು, ದಾರದಲ್ಲಿ ಗಂಟು ಬೀಳಲಿಲ್ಲ. ಮತ್ತೆ ಹಾಕಿದ. ಮತ್ತೆ ಬೀಳಲಿಲ್ಲ. ಜನವೆಲ್ಲ ಅಕ್ಷತೆ ಎಸೆದರು. ನೀರು ಚಿಮುಕಿಸಿ ಅರಿಶಿನ ಕಲಸಿದ ಆ ಅಕ್ಕಿ, ವಧೂವರರ ತಲೆಯಿಂದ ಮೊಳದಷ್ಟು ಮೇಲೆ, ಹಳದಿ ಸೊಳ್ಳೆಪರದೆಯಂತೆ ಗಾಳಿಯಲ್ಲಿ ನಿಂತುಬಿಟ್ಟಿತು.

ಹತ್ತು ಹದಿನೈದಾಗಿತ್ತು. ಗಿರಿಜಮ್ಮ ಅಳುತ್ತಿದ್ದರು, ಕಣ್ಣೀರು ಇನ್ನೂ ಬಂದಿರಲಿಲ್ಲ.

ಬಾಗಿಲಲ್ಲಿ ಹಾಲೇಶಪ್ಪನವರು ಕಾಣಿಸಿಕೊಂಡರು. ಕೈಯಲ್ಲಿ ಆಯಿಲ್ ಬಟ್ಟೆ. ವಿಶಾಲಕ್ಕ ಎದ್ದು ನಿಂತು ಅವರನ್ನು ನೋಡಿ ಏನೋ ಕೂಗಿದರು. ದನಿ ಬರಲಿಲ್ಲ. ಇಪ್ಪತ್ತೆಂಟು ವರ್ಷದ ಸಂಸಾರ, ಬೇಕಾಗಲೂ ಇಲ್ಲ. ಹಾಲೇಶಪ್ಪನವರು ತಿರುಗಿ ಓಡಿದರು. ಹಿಂದೆ ನಾನು. ವಾರವಿಡೀ ಬೋರ್‌ವೆಲ್ ನೀರೆಂದರೆ ಹೆದರುತ್ತಿದ್ದುದರಿಂದ ನಾನು ಛತ್ರದ ಕಾಫಿ ಮುಟ್ಟಿರಲಿಲ್ಲ; ಹೊರಗೇ ಇದ್ದ ಅವರೂ ಏನೂ ಕುಡಿದಿರಲಿಲ್ಲ, ನಮ್ಮಿಬ್ಬರ ದನಿ ನೆಟ್ಟಗಿತ್ತು.

"ತಂತಿ ಬಿಚ್ಚಿದರೆ ಸಾಲದು ಸರ್," ಎಂದೆ. "ಹೋದದ್ದು ಹೋಗಿದೆ. ಇದು ಎರಡು ದಿನ ಕಾಯುವ ಕೆಲಸವಲ್ಲ."

"ತಿರುಗಿಸಿ ಕೊಡಬೇಕು. ಛತ್ರದಿಂದ ಹೀರಿ ಇಂಜಿನ್ನಿಗೆ." ಅವರು ಎರಡು ತಂತಿಗಳನ್ನು ಕೈಯಲ್ಲಿ ಹಿಡಿದಿದ್ದರು. "ಅಷ್ಟೂ ಇದರ ಹೊಟ್ಟೆಗೆ ಹೋಗುತ್ತೆ ಮೇಡಂ. ಒಂದು ಸಲ ಇಳಿದರೆ ಮತ್ತೆ ತೆಗೆಯೋಕೆ ಆಗಲ್ಲ, ಕ್ಯಾರಿಯರ್ ಸುಟ್ಟು ಹೋಗುತ್ತೆ. ಈಗಷ್ಟೇ ಸರಿಯಾಗಿತ್ತು."

ಅವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದಂತೆ. ಆಮೇಲೆ ತಂತಿಗಳನ್ನು ಅದಲುಬದಲು ಮಾಡಿದರು.

ಕ್ಯಾರಿಯರಿನ ಮೂರು ಡಬ್ಬಿಯೂ ಒಂದೊಂದಾಗಿ ಕಪ್ಪಾದವು. ಕಾರು ಒಮ್ಮೆ ನಡುಗಿ, ನಿಟ್ಟುಸಿರು ಬಿಟ್ಟು, ತೆಪ್ಪಗಾಯಿತು. ಅದೇ ಕ್ಷಣ ಛತ್ರದೊಳಗೆ ಅಷ್ಟು ಹೊತ್ತಿನ ಡೋಲು, ನಾಗಸ್ವರ, ಮಂತ್ರ ಎಲ್ಲವೂ ಒಂದೇ ಏಟಿಗೆ ಸಿಡಿದವು. ನಾವು ಓಡಿಬಂದಾಗ ಅಕ್ಷತೆ ಧೋ ಎಂದು ಸುರಿಯುತ್ತಿತ್ತು. ಚಂಪಾಳ ಕೊರಳಲ್ಲಿ ತಾಳಿ ಬಿಗಿದಿತ್ತು. ಮೂರರ ಬದಲು ಹನ್ನೊಂದು ಗಂಟು ಬಿದ್ದಿದ್ದವು. ಅಯ್ಯನವರು ಗಡಿಯಾರ ನೋಡಿ ಇನ್ನೂ ಮೂರು ನಿಮಿಷ ಇದೆ ಎಂದರು. ಸದ್ದೆಲ್ಲ ತಣ್ಣಗಾಗಿ ಛತ್ರ ನಿಶ್ಶಬ್ದವಾದಾಗ, ಎಲ್ಲರ ಹಿಂದೆ ಉಳಿದಿದ್ದ ಒಂದು ದನಿ ಬಂತು. ವಿಶಾಲಕ್ಕ ಆಗ ಕೂಗಿದ್ದು.

"ರೀ, ಇಷ್ಟು ಬೇಗ ಕರ್ಕೊಂಡು ಬಂದ್ರಲ್ಲ, ಅದೇ ಸಾಕು ನನಗೆ. ಈಗ ಮದುವೆ ಉಳಿಸ್ರಿ!"

ಊಟದ ಪಂಕ್ತಿಯಲ್ಲಿ ಹಾಲೇಶಪ್ಪನವರು ಎರಡು ಹೋಳಿಗೆ ಹೆಚ್ಚಾಗಿ ಹಾಕಿಸಿಕೊಂಡರು.

ಕಾರನ್ನು ಟೆಂಪೊಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ವಿಶಾಲಕ್ಕ ಗುಜರಿಯವನಿಗೆ ಬೇಡವೆಂದು ಹೇಳಲು ಮರೆತಿದ್ದರು, ಅಥವಾ ಓಡದ ಕಾರಿಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡಿದ್ದರು. ಶನಿವಾರ ಅವನು ಬಂದ. ಕೂತು ಪೆಡಲ್ ಒತ್ತಿದ. ಕಾರು ಮಿಸುಕಲಿಲ್ಲ. ಇಂಜಿನ್ ಸತ್ತಿದೆ, ಕಬ್ಬಿಣದ ತೂಕಕ್ಕೆ ಮಾತ್ರ ಎಂದು ಹೇಳಿ, ವಿಶಾಲಕ್ಕ ಕೊಟ್ಟ ಮಂಡಕ್ಕಿ ತಿನ್ನುತ್ತಾ ಕ್ರೇನಿಗೆ ಕಾಯುತ್ತಾ ಕಟ್ಟೆಯ ಮೇಲೆ ಕೂತ. ಹಾಲೇಶಪ್ಪನವರು ಹೊರಗೆ ಬರಲೇ ಇಲ್ಲ.

ಮಂಡಕ್ಕಿ ಮುಗಿದು ಟೀ ಬರುವ ಹೊತ್ತಿಗೆ ಕಾರು ಯಾರೂ ಮುಟ್ಟದೆ ಗರ್ಜಿಸಿತು. ಗುಜರಿಯವನು ಒತ್ತಿದ್ದಷ್ಟೇ ಹೊತ್ತು, ಒತ್ತಿದ್ದಷ್ಟೇ ಜೋರಾಗಿ. ಅವನು ಲೋಟ ಬಿಟ್ಟು ಗೇಟು ದಾಟಿದ.

ನಿಯಮ ನಮಗೆ ಆಗಲೇ ತಿಳಿಯಿತು. ಸ್ಟೇರಿಂಗ್, ಬ್ರೇಕು ತಕ್ಷಣ ಕೇಳುತ್ತವೆ. ಪೆಡಲ್ ಮಾತ್ರ ಆಮೇಲೆ. ಆದ್ದರಿಂದ ಈಗ ಎಲ್ಲಿಗಾದರೂ ಹೋಗಬೇಕಾದರೆ ಹಾಲೇಶಪ್ಪನವರು ಮೊದಲೇ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಪೋರ್ಟಿಕೋದಲ್ಲಿ ನಿಂತ ಕಾರಿನಲ್ಲಿ ಕೂರುತ್ತಾರೆ. ಕಣ್ಣು ಮುಚ್ಚಿ ದಾರಿಯನ್ನು ನೆನೆಯುತ್ತಾ ಇಡೀ ಪ್ರಯಾಣದ ಪೆಡಲನ್ನು ಒತ್ತತೊಡಗುತ್ತಾರೆ. ಇಲ್ಲಿ ಹಂಪು, ಇಲ್ಲಿ ಏರು, ಇಲ್ಲಿ ಎಮ್ಮೆ ಇರಬಹುದು. ಒಳಗೆ ವಿಶಾಲಕ್ಕ ಆರಾಮವಾಗಿ ತಲೆ ಬಾಚಿ, ಹೂ ಮುಡಿದು, ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಪಕ್ಕದಲ್ಲಿ ಕೂರುವುದಕ್ಕೂ ಕಾರು ಹೊರಡುವುದಕ್ಕೂ ಸರಿಹೋಗುತ್ತದೆ.

ಗುಜರಿಯವನಿಗೆ ವಿಶಾಲಕ್ಕ ತಾವೇ ಫೋನು ಮಾಡಿ, ಇನ್ನು ಬರುವುದು ಬೇಡ ಎಂದರು. ಗಂಡ ತನಗಿಂತ ಮೊದಲು ಹೊರಟು ನಿಲ್ಲುವುದನ್ನು ಮದುವೆಯಾದಾಗಿನಿಂದ ಇದೇ ಮೊದಲು ನೋಡುತ್ತಿರುವುದಾಗಿ ನನ್ನ ಹತ್ತಿರ ಹೇಳಿದರು.

ಕಾರಿನ ತಡವನ್ನು ಮೂರು ಬೇರೆ ಬೇರೆ ದಿನ ಅಳೆದಿದ್ದೇನೆ. ಸರಾಸರಿ ಇಪ್ಪತ್ತಾರು ನಿಮಿಷ ಹನ್ನೆರಡು ಸೆಕೆಂಡು.