ಮಾಸೂರಿನ ರಾಜನೂ ರಾಜನ ಅತ್ತೆಯೂ

ಊರೂರು ತಿರುಗಿ ಹೆಂಗಸರಿಗೆ ನಾಟಕ ಕಲಿಸುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಕರಾವಳಿಯಲ್ಲಿ ಹುಟ್ಟಿದ ನಾನು ಹಾನಗಲ್ಲಿಗೆ ಬಂದು, ಹಿರೇಕೆರೂರು, ಶಿಗ್ಗಾವಿ, ಸವಣೂರು ಸುತ್ತುತ್ತ ಇದೇ ಕೆಲಸದಲ್ಲಿ ಮುದುಕಿಯಾದೆ. ಮಾಸೂರಿನ ತಂಡದ ಮಾತು ಬಂದಾಗ ಮಾತ್ರ ನನ್ನ ನಗು ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಕಳೆ ಕೀಳುವ ಹೆಣ್ಣುಮಗಳೊಬ್ಬಳಿದ್ದಳು. ನಾಲ್ಕು ಹೊಲ ದಾಟುವ ದನಿ ಅವಳದು. ಅವಳನ್ನು ರಂಗದ ಮೇಲೆ ನಿಲ್ಲಿಸಬೇಕು, ಅಲ್ಲೇ ಉಳಿಸಿಕೊಳ್ಳಬೇಕು ಎಂಬುದೊಂದೇ ನನ್ನ ಹಟ.

ಉಸಿರಾಟದ ಪಾಠ

ಮೊದಲ ದಿನ ಎಲ್ಲರನ್ನೂ ಸುತ್ತ ಕೂರಿಸಿ, ಕಣ್ಣು ಮುಚ್ಚಿ ನಿಧಾನ ಉಸಿರಾಡಲು ಹೇಳಿದೆ. ಹತ್ತು ನಿಮಿಷ ಪೂರ್ಣ ಮೌನ. ಎಂಥ ಏಕಾಗ್ರತೆ ಎಂದು ಹಿಗ್ಗಿ ನಾನು ಕಣ್ಣು ಬಿಟ್ಟರೆ, ದಿನವಿಡೀ ಹೊಲದಲ್ಲಿ ಬಗ್ಗಿ ದುಡಿದ ಅವರೆಲ್ಲ ಗೋಡೆಗೊರಗಿ ಗಾಢ ನಿದ್ದೆಯಲ್ಲಿದ್ದರು. ಎಬ್ಬಿಸಿದೆ.

“ಅಕ್ಕಾರ, ನಾಳೆನೂ ಇದನ್ನ ಕಲಸ್ರಿ,” ಎಂದಳು ಒಬ್ಬಳು. “ಮನ್ಯಾಗ ಇಷ್ಟು ಚಲೋ ನಿದ್ದಿ ಹತ್ತಂಗಿಲ್ಲ.”

ಸೇನಾಪತಿಯ ಹೆಸರು

ನಾಲ್ಕು ಹೊಲ ದಾಟುವ ದನಿಗೆ ರಾಜನ ಪಾತ್ರ ಕೊಟ್ಟೆ. ಹೆದರಿ ಓಡಿಬಂದ ಸೇನಾಪತಿಯನ್ನು ರಾಜ ಹೆಸರು ಹಿಡಿದು ಬಯ್ಯಬೇಕು. “ಎಲವೋ...” ಎಂದವಳು ಅಲ್ಲೇ ನಿಂತಳು. ಮುಖವೆಲ್ಲ ಕೆಂಪು. ನೋಡಿದರೆ, ಸೇನಾಪತಿಯದೂ ಅವಳ ಗಂಡನದೂ ಒಂದೇ ಹೆಸರು. ಹೆಸರು ಬದಲಿಸಿದೆ. ಅದು ಅವಳ ಮಾವನದಾಗಿತ್ತು. ಮತ್ತೆ ಬದಲಿಸಿದೆ. ಮೈದುನನದು.

“ನಿಮ್ಮ ಮನಿಯವರ ಹೆಸರು ಇಡ್ರಿ ಅಕ್ಕಾರ,” ಎಂದಳು. “ಅವರನ್ನ ಬಯ್ಯಾಕ ನನಗೇನು ಅಂಜಿಕಿ?”

ಹಾಗೇ ಇಟ್ಟೆವು. ಒಂದು ಸಂಜೆ ತಾಲೀಮು ನೋಡಲು ಬಂದ ನನ್ನ ಗಂಡ ತಲೆ ತಗ್ಗಿಸಿ ಕೂತು ಎಲ್ಲವನ್ನೂ ಕೇಳಿದರು. ಮೂವತ್ತೈದು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಬಯ್ದದ್ದಿಲ್ಲ.

ಆಯೇರಿ

ರಾಜನ ಅತ್ತೆ ಮೊದಲೇ ಹೇಳಿದ್ದರು: “ಒಂದು ಸಲ ಕಣ್ಣಾರೆ ನೋಡತೇನಿ. ಸರಿ ಕಂಡ್ರ ಮುಂದೂ ಮಾಡಲಿ.”

ಸವಣೂರಿನಲ್ಲಿ ನಾಟಕ ಸ್ಪರ್ಧೆ. ಈ ಕಡೆ ನಾಟಕದ ನಡುವೆಯೇ ಬಂಧುಗಳು ರಂಗಕ್ಕೆ ಹತ್ತಿ ನಟರಿಗೆ ಬಟ್ಟೆಬರೆ ಉಡುಗೊರೆ ಕೊಡುತ್ತಾರೆ. ಅದೇ ಆಯೇರಿ. ಸ್ಪರ್ಧೆಯಲ್ಲಿ ಅದು ಕೂಡದೆಂದು ನಾನೇ ಎಲ್ಲರಿಗೂ ತಾಕೀತು ಮಾಡಿದ್ದೆ. ಅತ್ತೆಗೆ ಹೇಳಲು ಮರೆತಿದ್ದೆ.

ಮೀಸೆ ಹಚ್ಚಿದ ರಾಜ ಯುದ್ಧ ಸಾರುತ್ತಿದ್ದಾಗ, ಹೊಸ ಸೀರೆ, ಕುಬಸದ ಖಣ ಹಿಡಿದು ಅತ್ತೆ ಮೆಟ್ಟಿಲೇರಿದರು. ನಾನು ಕೈ ಅಡ್ಡ ಹಿಡಿದೆ. “ಈಗ ಬೇಡ ಅವ್ವಾರೆ, ಆಟ ಮುಗಿದ ಮೇಲೆ ಕೊಡಿ.”

“ಮುಗದ ಮ್ಯಾಲ ಯಾರು ನೋಡತಾರ? ಆಕಿ ನನ್ನ ಸೊಸಿ ಅಂತ ಮಂದಿಗೆ ಗೊತ್ತಾಗಬ್ಯಾಡೇನು?”

ನಾನು ಕೈ ತೆಗೆಯಲಿಲ್ಲ. ಅವರು ರಂಗದತ್ತ ತಿರುಗಿ, “ನಡಿ ಮನೀಗೆ!” ಎಂದರು. ರಾಜ ಕತ್ತಿಯನ್ನು ಸೇನಾಪತಿಯ ಕೈಗಿಟ್ಟು, ಕಿರೀಟದ ಮೇಲೆ ಶಲ್ಯ ಹೊದ್ದು, “ಬಂದೆರಿ ಅತ್ತಿ,” ಎನ್ನುತ್ತ ಇಳಿದು ಹೊರಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯುದ್ಧ ಬೇಡವೆಂದು ಹೇಳಲು ಇದಕ್ಕಿಂತ ಒಳ್ಳೆಯ ಕೊನೆ ಇಲ್ಲವೆಂದು ಮೆಚ್ಚಿ, ತೀರ್ಪುಗಾರರು ನಿರ್ದೇಶನದ ಬಹುಮಾನವನ್ನು ನನಗೇ ಕೊಟ್ಟರು.

ಮರುದಿನ ಬಹುಮಾನದ ಫಲಕ ಹಿಡಿದು ಮಾಸೂರಿಗೆ ಹೋದೆ. ಸೊಸೆ ಹೊಲದಲ್ಲಿದ್ದಳು. ಅತ್ತೆ ಚಹಾ ಕೊಟ್ಟು, “ಇದು ಯಾತಕ್ಕ ಬಂತ್ರಿ?” ಎಂದರು. ಕೊನೆಯ ದೃಶ್ಯಕ್ಕೆ ಎಂದೆ. “ಅದನ್ನ ಮಾಡಿದಾಕಿ ನಾನಲ್ಲೇನು!” ಎಂದು ಫಲಕ ತೆಗೆದುಕೊಂಡು ಗೋಡೆಯ ಗೂಡಿನಲ್ಲಿಟ್ಟರು.

ಒಂದು ಸೀರೆ ಕೊಡುವಷ್ಟು ಹೊತ್ತು ಕೈ ಸರಿಸಿದ್ದರೆ ಆ ದನಿ ಉಳಿಯುತ್ತಿತ್ತು. ತಪ್ಪಾಯಿತೆಂದೆ. ಸೊಸೆಯನ್ನು ಮತ್ತೆ ಕಳಿಸಿ ಎಂದು ಕೈ ಮುಗಿದು ಬೇಡಿದೆ.

“ಆಕಿ ಮಾತು ಬಿಡ್ರಿ, ಆಕಿ ಬರಂಗಿಲ್ಲ,” ಎಂದವರು, ನನ್ನ ಹತ್ತಿರ ಸರಿದು ಕೂತು ಕೇಳಿದರು: “ಮುಂದಿನ ನಾಟಕದಾಗ ನನಗ ಯಾವ ಪಾರ್ಟು?”