ಎರಡನೆಯ ದನಿ

ಎಪ್ಪತ್ತೆಂಟರ ಬೇಸಿಗೆ. ಚಪ್ಪಲಿ ಕೊಳ್ಳಲು ಕೆರೂರ ಸಂತೆಗೆ ಹೋಗಿದ್ದ ನೇಕಾರ ಹುಲ್ಲಪ್ಪ, ಹಳೆಯ ಗ್ರಾಮೋಫೋನೊಂದನ್ನೂ ಒಂದೇ ಒಂದು ಹಿಂದಿ ಹಾಡಿನ ತಟ್ಟೆಯನ್ನೂ ಹೊತ್ತು ಬರಿಗಾಲಲ್ಲೇ ಇಳಕಲ್ಲಿಗೆ ಮರಳಿದ. ಹೆಂಡತಿ ರಂಗವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

"ಯಾರು ಸತ್ತ ಮನಿ ಸಾಮಾನೋ ಏನೋ! ನನ್ನ ಮನಿಯೊಳಗ ಬ್ಯಾಡ."

ಹುಲ್ಲಪ್ಪ ಅದನ್ನು ಪಕ್ಕದ ಮನೆಯಲ್ಲಿಟ್ಟ. ನೂಲು ಸುತ್ತಿ ಬದುಕಿದ್ದ ಮುದುಕಿ ಖೈರುನಬಿ ತೀರಿಕೊಂಡ ಮೇಲೆ ಆ ಮನೆ ಮುಚ್ಚಿಯೇ ಇತ್ತು; ಮಗ ಬಾಗಲಕೋಟೆಗೆ ಹೋಗುವಾಗ ಬೀಗದ ಕೈಯನ್ನು ಇವನಿಗೆ ಕೊಟ್ಟಿದ್ದ. ಮಟಮಟ ಮಧ್ಯಾಹ್ನ ಓಣಿಯೆಲ್ಲ ಮಲಗಿದಾಗ, ಆ ಕತ್ತಲೆ ಪಡಸಾಲೆಯಲ್ಲಿ ಒಬ್ಬನೇ ಕೂತು ಕೇಳೀ ಕೇಳೀ ಅವನಿಗೆ ಸಂಗೀತದ ಹುಚ್ಚು ನೆತ್ತಿಗೇರಿತು.

ಒಂದು ದಿನ ಬೆಳಿಗ್ಗೆ ನಜೀರಸಾಬನ ಚಹಾದಂಗಡಿಯಲ್ಲಿ ಅದೇ ಮಾತು ತೆಗೆದ. ನಜೀರಸಾಬನೋ, ರೇಡಿಯೋಕ್ಕೆ ಕಿವಿ ಹಚ್ಚಿ ಹಳೆಯ ಸಂಗೀತ ನಿರ್ದೇಶಕರನ್ನೆಲ್ಲ ಬೀಗರಂತೆ ಬಲ್ಲವನು.

"ಮಾಸ್ಟರ್ ದಿಲಾವರ ಅಂದ್ರ ದಿಲಾವರ!" ಎಂದ ಹುಲ್ಲಪ್ಪ, ತಟ್ಟೆಯ ಹಾಡಿಗೆ ಸಂಗೀತ ಕೊಟ್ಟವನನ್ನು ಹೊಗಳುತ್ತ. "ಮುಂದ ಒಬ್ಬಾಕಿ ಹಾಡ್ತಾಳ, ಹಿಂದ ಇನ್ನೊಬ್ಬಾಕಿ ಸಣ್ಣಗ ದನಿಗೂಡಸ್ತಾಳ. ಪೆಟಗಿ ನನ್ನ ಮುಂದಿರ್ತೈತಿ, ಆಕಿ ದನಿ ಬೆನ್ನ ಹಿಂದಿನ ಗ್ವಾಡಿಯಿಂದ ಬರ್ತೈತಿ. ಏನ್ ತಲಿ ಅಂತೇನಿ!"

"ಆ ಹಾಡು ನನಗ ಗೊತ್ತೈತಿ. ಅದರಾಗ ಹಾಡಿದಾಕಿ ಒಬ್ಬಾಕಿ ಅಷ್ಟ," ನಜೀರಸಾಬ ನಕ್ಕ.

"ಇಬ್ಬರು! ಅಲ್ಲಂದ್ರ ಅರ್ಧಾ ಮೀಸಿ ಬೋಳಿಸ್ಕೋತೇನಿ."

ಈ ಮಾತು ಆಡಬಾರದಿತ್ತು. ಕೂತವರೆಲ್ಲ ಚಹಾ ಬಿಟ್ಟೆದ್ದರು. ಇಬ್ಬರು ಪೆಟ್ಟಿಗೆಯನ್ನು ಅಂಗಡಿಗೇ ಹೊತ್ತು ತಂದರೆ, ಒಬ್ಬ ಕ್ಷೌರಿಕನನ್ನೇ ಕರೆತಂದ. ತಟ್ಟೆ ತಿರುಗಿತು. ಒಂದೇ ದನಿ. ಮತ್ತೆ ಹಾಕಿದರು. ಒಂದೇ. ಮೂರನೆಯ ಸಲ, ಹಿಡಿಕೆ ತಿರುಗಿಸಿ ಬಿಗಿದಿದ್ದ ಸ್ಪ್ರಿಂಗ್ ಸಡಿಲಾಗಿ, ಆ ಒಂದು ದನಿಯೂ ಈಯುವ ಎಮ್ಮೆಯಂತೆ ನರಳಿತು. ಅಂಗಡಿಯೇ ಬಿದ್ದು ಬಿದ್ದು ನಕ್ಕಿತು.

ಹುಲ್ಲಪ್ಪನಿಗೆ ಅಳುವೇ ಬಂತು. ಮೀಸೆ ಹೋದರೆ ಮತ್ತೆ ಬರುತ್ತದೆ. ಆದರೆ ಜೀವಮಾನದಲ್ಲಿ ತಾನಾಗಿ ಕಂಡುಕೊಂಡದ್ದು ಇದೊಂದೇ, ಅದೂ ಸುಳ್ಳಾಗಬೇಕೇ? ಮೀಸೆಯನ್ನು ಅಂಗೈಯಿಂದ ಮುಚ್ಚಿಕೊಂಡು, "ಖೈರುನಬಿ ಮನಿಯೊಳಗ ಒಮ್ಮೆ ಕೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ" ಎಂದು ಗೋಗರೆದ.

ಮಧ್ಯಾಹ್ನ ಎಲ್ಲರೂ ಖೈರುನಬಿಯ ಪಡಸಾಲೆಯಲ್ಲಿ ಒತ್ತೊತ್ತಾಗಿ ಕೂತರು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗಿನ ನೆಲ ತಣ್ಣಗೆ ಕೊರೆಯುತ್ತಿತ್ತು. ಹಾಡು ಶುರುವಾಯಿತು. ಪಲ್ಲವಿ ಮುಗಿಯುವಷ್ಟರಲ್ಲಿ ಹಿಂದಿನ ಗೋಡೆಯ ಕಡೆಯಿಂದ, ನೂಲಿನೆಳೆಯಷ್ಟು ತೆಳುವಾಗಿ, ಇನ್ನೊಂದು ದನಿ ಸೇರಿಕೊಂಡಿತು.

"ಕೇಳಿದ್ರೇನ್ರಿ? ಇಬ್ಬರು!" ಹುಲ್ಲಪ್ಪ ಕುಣಿದಾಡಿದ. "ಈಗ ಹೇಳ್ರಿ ನಜೀರಸಾಬ, ದಿಲಾವರ ದೊಡ್ಡಾಂವ ಹೌದಲ್ಲೋ?"

ನಜೀರಸಾಬನ ಮುಖ ಬಿಳಿಚಿಕೊಂಡಿತ್ತು. "ಇದು ದಿಲಾವರನ ಕೆಲಸಲ್ಲೋ ಹುಲ್ಲಪ್ಪಾ... ನಮ್ಮ ಖೈರುನಬಿ ಖಾಲಾನ ದನಿ. ನೂಲು ಸುತ್ತುವಾಗ ಹಿಂಗ ಗುನುಗತಿದ್ದಳು."

ಮರುಗಳಿಗೆಯಲ್ಲಿ ಪಡಸಾಲೆ ಖಾಲಿ. ಕ್ಷೌರಿಕ ತನ್ನ ಪೆಟ್ಟಿಗೆಯನ್ನೂ ಬಿಟ್ಟೋಡಿದ. ದೆವ್ವ ಓಣಿಗಿಳಿಯದಿರಲೆಂದು ಯಾರೋ ಹೊರಗಿನಿಂದ ಚಿಲಕವನ್ನೂ ಹಾಕಿದರು. ಹುಲ್ಲಪ್ಪ ಒಳಗೇ ಉಳಿದದ್ದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅವನು ಬಾಗಿಲು ಬಡಿದ, ರಂಗವ್ವನ ಹೆಸರು ಹಿಡಿದು ಕೂಗಿದ. ಓಣಿಯಲ್ಲಿ ಸದ್ದೇ ಇರಲಿಲ್ಲ. ಬೆನ್ನ ಹಿಂದೆ ಹಾಡು ನಿಧಾನವಾಗುತ್ತ, ದಪ್ಪವಾಗುತ್ತ, ನಿಂತೇಹೋಯಿತು. ತೆಳು ದನಿ ಮಾತ್ರ ಆ ಸಾಲನ್ನು ಪೂರ್ತಿ ಮುಗಿಸಿ, ಗಂಟಲು ಸರಿಮಾಡಿಕೊಂಡಿತು.

"ಯಾಕ ನಿಂತಿ ಹುಲ್ಲಪ್ಪಾ? ಹಿಡಿಕಿ ತಿರುಗಸು. ಇನ್ನ ಯಾರೂ ನಡುವ ಬರೂದಿಲ್ಲ."