ಸೋದರಮಾವನ ಲೆಕ್ಕದಲ್ಲಿ ನಾನು ಹಾವುರಾಣಿ

ಈ ಭೂಮಿಯ ಮೇಲಿರುವುದು ಎರಡೇ ಜಾತಿಯ ಮನುಷ್ಯರೆಂದು ನಮ್ಮ ಸೋದರಮಾವ ಕಂಡುಹಿಡಿದಿದ್ದಾನೆ: ಅಳಿಲು ಮತ್ತು ಹಾವುರಾಣಿ! ಅಳಿಲು ಸರಸರ ಮೇಲಕ್ಕೆ ಹತ್ತುತ್ತದೆ. ಹಾವುರಾಣಿ, ಅದೇ ಹಲ್ಲಿಯ ದಪ್ಪ ಅಣ್ಣನಂತೆ ನುಣ್ಣಗೆ ಹೊಳೆಯುವ ಪ್ರಾಣಿ, ಕಲ್ಲಿನ ಸಂದಿಯಲ್ಲಿ ತಣ್ಣಗೆ ಬಿದ್ದಿರುತ್ತದೆ. ನಾನು ಎರಡನೆಯ ಜಾತಿ. ನೀವೇ ಹೇಳಿ, ಸಿಟ್ಟು ಬರುವುದಿಲ್ಲವೇ?

ಮಾವ ಪಕ್ಕದ ರಾಜ್ಯದ ಸಡಾ ಎಂಬ ಊರಿನಲ್ಲಿ ಪೇಂಟಿಂಗ್ ಕೆಲಸದ ಮೇಸ್ತ್ರಿ. ವಿಜಯಪುರದ ಕಡೆಯಿಂದ ಬಂದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಕೈಗೊಂದು ಮಿರ್ಚಿ ಭಜಿ ಕೊಡುತ್ತಾನೆ. ಎರಡೂ ಕೈಯಲ್ಲಿ ಹಿಡಿದು ತುದಿಯಿಂದ ಕಡಿದರೆ ಅಳಿಲು. ಅವನಿಗೆ ಬಿದಿರಿನ ಸಾರವೆ ಹತ್ತಿ ನಾಲ್ಕನೇ ಮಹಡಿಗೆ ಬಣ್ಣ ಹೊಡೆಯುವ ಭಾಗ್ಯ. ಒಂದೇ ಕೈಯಲ್ಲಿ ಬಾಯಿಗೆ ತುರುಕಿಕೊಂಡರೆ ಹಾವುರಾಣಿ. ಅವನು ಕೆಳಗೆ ಕಾಂಪೌಂಡ್ ಗೋಡೆ ತಿಕ್ಕಬೇಕು. ಎಂಥ ವಿಜ್ಞಾನ!

ಗುಟ್ಟು ತಿಳಿದ ಮೇಲೆ ನಾನೂ ಎರಡು ಕೈಯಲ್ಲಿ ಹಿಡಿದು ತಿಂದೆ. ತುಟಿ ಸುಟ್ಟಿತು.

"ನೋಡ್ರಿ ಮಾಮಾ, ನಾನೂ ಅಳಿಲ!"

"ಅಳಿಲ ನಾಟಕ ಮಾಡಂಗಿಲ್ಲೋ. ಗೋಡಿ ತಿಕ್ಕ ಹೋಗು."

ಇನ್ನೊಮ್ಮೆ ಅವನ ಕಣ್ಣೆದುರೇ ಸೈಟಿನ ಗೇರುಮರದ ತುದಿಗೆ ಹತ್ತಿ ತೋರಿಸಿದೆ. ಕೈಯಲ್ಲಿದ್ದ ಬ್ರಷ್ಷನ್ನೇ ನನ್ನತ್ತ ಬೀಸಿ ಒಗೆದ.

"ಹಾವರಾಣಿ ಗಿಡಾ ಹತ್ತಿದ್ರ ಅಳಿಲ ಆಕ್ಕೈತೇನು? ಇಳಿಯೋ ಮಂಗ್ಯಾ!"

ಅಲ್ಲಿಗೆ ಮೂರನೆಯ ಜಾತಿಯೂ ಸೇರಿತು!

ಹನ್ನೊಂದು ವರ್ಷ ಹೀಗೇ ಕಳೆಯಿತು. ನನ್ನ ನಂತರ ಬಂದ ಅಳಿಲುಗಳೆಲ್ಲ ಮೇಲೆ ಹತ್ತಿ, ಕೆಲಸ ಕಲಿತು, ತಾವೇ ಮೇಸ್ತ್ರಿಗಳಾದರು. ಮೇಲಿನ ಕೆಲಸ ಬಾರದವನನ್ನು ಯಾರು ಮೇಸ್ತ್ರಿ ಎಂದಾರು? ಮೊನ್ನೆ ಕೊರ್ಲಿಮ್‌ನ ಒಂದು ಕಾರ್ಖಾನೆಯ ಗೋಡೆಯೆದುರು ನನ್ನ ತಾಳ್ಮೆ ಮುಗಿಯಿತು. ಡಬ್ಬಿ ಒದ್ದೆ. ಬಣ್ಣವೆಲ್ಲ ಮಾವನ ಪ್ಯಾಂಟಿನ ಮೇಲೆ.

"ನನ್ನ ಬದುಕ ಹಾಳ ಮಾಡಾಕತ್ತೀರಿ ನೀವು! ಇವತ್ತ ನಾ ಮ್ಯಾಲ ಹೋಗಾಂವನಽ!" ಎಂದು ಕೂಗಿ ಸಾರವೆಯ ಮೇಲೆ ಕಾಲಿಟ್ಟೆ.

ಮಾವ ನನ್ನ ಅಂಗಿ ಹಿಡಿದ. ಬೈಯಲಿಲ್ಲ.

"ನಿಮ್ಮಪ್ಪ ಅಳಿಲ ಇದ್ದಾ," ಎಂದ. "ಭಾಳ ಚಲೋ ಹತ್ತಾಂವ. ಅವತ್ತ ಅವನ್ನ ಮ್ಯಾಲ ಕಳಿಸಿದಾಂವ ನಾನಽ."

ನಾನು ಚಿಕ್ಕವನಿದ್ದಾಗ ಅಪ್ಪ ಕೆಲಸದ ಮೇಲೆ ಬಿದ್ದು ತೀರಿಕೊಂಡದ್ದು ಗೊತ್ತಿತ್ತು. ಹತ್ತಲು ಹೇಳಿದವರು ಯಾರೆಂದು ಮನೆಯಲ್ಲಿ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಸಿಟ್ಟು ಇಳಿಯಿತೆಂದು ಸುಳ್ಳೇಕೆ ಹೇಳಲಿ? ಹನ್ನೊಂದು ವರ್ಷದ ಸಿಟ್ಟು, ಇನ್ನೂ ಉರಿಯುತ್ತಿದೆ. ಆದರೂ ಕಾಲು ಕೆಳಗಿಟ್ಟೆ.

"ನಿಲ್ರಿ ಮಾಮಾ, ಪ್ಯಾಂಟ್ ಒರಸತೇನಿ," ಎಂದು ಅವನೆದುರು ಕುಕ್ಕರುಗಾಲಲ್ಲಿ ಕೂತು ಬಣ್ಣ ಒರೆಸತೊಡಗಿದೆ. ಪೂರ್ತಿ ಒರೆಸಿ ಮುಗಿಸಿದರೂ ಮಾವ ನನ್ನ ಅಂಗಿ ಬಿಟ್ಟಿರಲಿಲ್ಲ.